ನೀರಿನ ಚೀಟಿ

"ದಾರ ಕೈಗೆ ಬಂದೋರು ಸಂಬಂಧ ಏನಂತ ಹೇಳೇ ಮುಂದ ಎಸೀಬೇಕು. ಸುಮ್ಮ ಎಸದ್ರ ನಡ್ಯಂಗಿಲ್ಲ ನೋಡ್ರಿ," ಎಂದು ವಿಜಯಲಕ್ಷ್ಮಿ ಮೇಡಂ ಕೆಂಪು ಉಲ್ಲನ್ ಉಂಡೆಯನ್ನು ಸುಭಾಷನ ಕೈಗೆ ಹಾಕಿದರು. ಪರೀಕ್ಷೆ ಹತ್ತಿರ ಬಂದಿತ್ತು. ಜೀವರಸಾಯನದ ಪಾಠಗಳನ್ನೆಲ್ಲ ಗಟ್ಟಿ ಹೊಡೆದ ಎಂಎಸ್ಸಿಯವರಿಗೆ, ಒಂದಕ್ಕೂ ಇನ್ನೊಂದಕ್ಕೂ ಏನು ನಂಟು ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಅದಕ್ಕೇ ಈ ಆಟ. ಕೊಪ್ಪಳದ ಆ ಕಾಲೇಜಿನ ಲ್ಯಾಬಿನಲ್ಲಿ ಎಲ್ಲರೂ ಎದೆಯ ಮೇಲೆ ಜೀವಕೋಶದಲ್ಲಿರುವ ಒಂದೊಂದರ ಹೆಸರು ಬರೆದ ಚೀಟಿ ಅಂಟಿಸಿಕೊಂಡು ದುಂಡಗೆ ನಿಂತಿದ್ದರು.

ಸಬೀನಾಳ ಚೀಟಿಯಲ್ಲಿ 'ನೀರು' ಎಂದಿತ್ತು.

ಅವಳಿಗೆ ಒಳಗೊಳಗೇ ಖುಷಿ. ಅವಳೊಬ್ಬಳು ತಾವರಗೇರಾದವಳು, ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವಳು. ಉಳಿದವರೆಲ್ಲ ಗಂಗಾವತಿಯಲ್ಲಿ ಕೂಡಿ ಕಲಿತು, ಈಗಲೂ ಒಂದೇ ಬಸ್ಸಿನಲ್ಲಿ ಬರುವವರು. ಯಾರೂ ಅವಳಿಗೆ ಕೆಟ್ಟ ಮಾತು ಅಂದಿರಲಿಲ್ಲ. ಅಸಲಿಗೆ ಮಾತೇ ಆಡಿರಲಿಲ್ಲ. ಇವತ್ತು ದಾರ ಎಸೆಯಲಿಕ್ಕಾದರೂ ಯಾರಾದರೊಬ್ಬರು ಅವಳ ಮುಖ ನೋಡಲೇಬೇಕಲ್ಲ!

"ನಾ ಎಂಜೈಮ್. ಎಂಜೈಮ್ ಅಂದ್ರ ಪ್ರೋಟೀನಾ. ಹಿಡಿ ಹೇಮಾ!"

"ಪ್ರೋಟೀನ್ ಹೆಂಗ ಕಟ್ಟಬೇಕಂತ ಹೇಳಾಂವ ಜೀನ್. ತಗೋಳೋ ಬಾಲಪ್ಪ!"

ಉಂಡೆ ಎಟಿಪಿಗೆ ಹೋಯಿತು, ಗ್ಲೂಕೋಸಿಗೆ ಹೋಯಿತು, ಪೊರೆಗೆ ಹೋಗಿ ಮತ್ತೆ ಎಂಜೈಮಿಗೆ ಬಂತು. ತನ್ನ ಮೂಗಿನ ಮುಂದೆ ಹಾದುಹೋದಾಗೆಲ್ಲ ಸಬೀನಾ ಕೈ ಎತ್ತುವಳು, ಆಮೇಲೆ ದುಪಟ್ಟಾ ಸರಿಮಾಡಿಕೊಳ್ಳಲಿಕ್ಕೇ ಎತ್ತಿದವಳಂತೆ ಇಳಿಸುವಳು. ಕೇಕೆ, ನಗು. ಉಂಡೆ ಕರಗಿ ಮುಗಿದೇ ಹೋಯಿತು.

"ಯಾರ ಕೈ ಖಾಲಿ ಅದಾವ?" ಮೇಡಂ ಕೇಳಿದರು. ಸಬೀನಾ ತನ್ನೆರಡೂ ಕೈ ತೋರಿಸಿದಳು.

"ಅಯ್ಯ, ನೀರು! ನಾನೂ ಮರತ್ನೆಲ್ಲ. ನೀನಾ ಹೇಳವಾ, ನಿನಗ ಯಾರು ಬೇಕು?"

"ಎಲ್ಲಾರೂ ಬೇಕ್ರಿ ಮೇಡಂ."

ಎಲ್ಲರೂ ಗೊಳ್ಳೆಂದರು. ಸಬೀನಾಳ ಮುಖ ಕೆಂಪಾಯಿತು. ಆದರೂ ಒಣಗಿದ ಗಂಟಲಲ್ಲೇ ಹೇಳಿದಳು: "ಪ್ರೋಟೀನಿನ್ಯಾಗ ಎಣ್ಣಿ ಗುಣದ ಭಾಗ ಇರ್ತಾವಲ್ರಿ, ಅವು ನೀರು ತಪ್ಪಿಸ್ಕೊಳ್ಳಾಕ ಒಳಗ ಮಡಚಿಕೊಂತಾವ. ಅದಕ್ಕ ಅದಕ್ಕೊಂದು ಆಕಾರ. ಆಕಾರ ಇದ್ರನಾ ಎಂಜೈಮ್ ಕೆಲಸ ಮಾಡೋದು. ಪೊರಿ ನಿಂತಿದ್ದೂ ಹಂಗರಿ. ಎಟಿಪಿ ಒಡದು ಶಕ್ತಿ ಬರಬೇಕಂದ್ರೂ ನೀರು..." ಅಷ್ಟರಲ್ಲಿ ಧ್ವನಿ ಒಡೆಯಿತು.

ಈಗ ಯಾರೂ ನಗಲಿಲ್ಲ. "ಕೇಳಿದ್ರ್ಯಾ?" ಎಂದರು ಮೇಡಂ. "ನೀವೆಲ್ಲಾ ನಿಂತಿದ್ದಾ ಆಕಿ ಒಳಗ. ಅದಕ್ಕ ಕಾಣ್ಲಿಲ್ಲ. ದಾರ ಸುತ್ರಿ, ಮೊದಲಿಂದ ಆಡೂಣು. ಈ ಸಲ ಆಕಿಯಿಂದನಾ ಶುರು."

ಅದೇ ಹೊತ್ತಿಗೆ ಊಟದ ಗಂಟೆ ಹೊಡೆಯಬೇಕೇ! ದಾರ ನಿಂತಲ್ಲೇ ಬಿತ್ತು. ಮೇಡಂ ಸ್ಟಾಫ್ ರೂಮಿಗೆ, ಮಂದಿ ಡಬ್ಬಿಗಳ ಕಡೆಗೆ ಹೋದರು. ಸಬೀನಾ ಕುಕ್ಕರಗಾಲಲ್ಲಿ ಕೂತು ಉಲ್ಲನ್ ಸುತ್ತತೊಡಗಿದಳು. ಅಳು ಬರುವಂತಿತ್ತು. ಒಂದು ದಾರ, ಒಂದೇ ಒಂದು ಬಂದಿದ್ದರೂ ಸಾಕಿತ್ತು.

ಹೇಮಾ ಬಾಗಿಲಿಂದ ತಿರುಗಿ ಬಂದಳು. ಬಾಟ್ಲಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. "ಗಂಟಲ ಒಣಗೇತಿ ನಿಂದು. ತಗೋ, ನೀರು ಕುಡಿ."

"ಬ್ಯಾಡ. ರೋಜಾ ಐತಿ."

"ಹೌದಲ್ಲ, ರಂಜಾನ್! ದಿನಾ ಸಂಜಿಮುಂದ ಬಸ್‌ಸ್ಟ್ಯಾಂಡಿನ್ಯಾಗ ರಂಜಾನ್ ಅಂಗಡಿ ಸಮೋಸ ತಿಂದಾ ಬಸ್ ಹತ್ತತೀನಿ, ನೆಪ್ಪಾ ಆಗ್ಲಿಲ್ಲ ನೋಡು. ಇವತ್ತಿಂದ ಉಪವಾಸ ಹಿಡದೀಯೇನು?"

"ಅರ್ಧ ತಿಂಗಳ ಮುಗೀತು."

ದಿನಾ ಮಧ್ಯಾಹ್ನ ಹೇಮಾ ಡಬ್ಬಿ ಬಿಚ್ಚುತ್ತಿದ್ದದ್ದು ಸಬೀನಾಳ ಹಿಂದಿನ ಬೆಂಚಿನಲ್ಲೇ. ಹೇಮಾ ಕೈಯಲ್ಲಿದ್ದ ಬಾಟ್ಲಿಯನ್ನೊಮ್ಮೆ ನೋಡಿದಳು. ತಾನೂ ಒಂದು ಗುಟುಕು ಕುಡಿಯದೆ, ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು.