ಮೊದಲ ಉಸಿರು

ತುಟಿಗೆ ಕೊಳಲಿಟ್ಟು ಅವಳು ಎದೆ ತುಂಬ ಉಸಿರೆಳೆದಳು. ಕೊಳೆತ ಚರ್ಮದ ನಾತ ಗಂಟಲಿಗೇ ಇಳಿದು, ಸ್ವರ ಹೊರಡುವ ಮೊದಲೇ ಕೆಮ್ಮಿದಳು. ಊರೂರು ತಿರುಗುವ ಅವರ ತಂಡದ ಕಚೇರಿ ಶುರುವಾಗುವುದೇ ಕೊಳಲಿನ ಒಂದು ದೀರ್ಘ ಸ್ವರದಿಂದ. ಅದು ಹೊರಡದೆ ಉಳಿದವರು ವಾದ್ಯ ಮುಟ್ಟುವಂತಿಲ್ಲ.

“ಹೇಗಾದ್ರೂ ಊದು ತಂಗಿ,” ಡೋಲಿನವನು ಪಿಸುಗುಟ್ಟಿದ. “ಈ ಸಂಗೀತೋತ್ಸವ ನಡೆಸ್ತಿರೋನೇ ಈ ನಾತ ಬಿಡೋ ಚರ್ಮದ ಕಾರ್ಖಾನೆ ಧಣಿ. ಮುಂದಿನ ವರ್ಷ ನಮ್ಮನ್ನ ಕರೆಯೋದು ಬೇಡ್ವಾ?”

ಅವಳು ಸಭೆಯತ್ತ ನೋಡಿದಳು. ಊರಿನವರು ಆ ನಾತದಲ್ಲೇ ಹುಟ್ಟಿದವರಂತೆ ಸುಮ್ಮನೆ ಕೂತಿದ್ದರು. ಮುಂದಿನ ಸಾಲಿನ ಸೋಫಾದಲ್ಲಿ ಧಣಿಯೊಬ್ಬನೇ ಅತ್ತರು ಹಚ್ಚಿದ ಕರ್ಚೀಫನ್ನು ಮೂಗಿಗೆ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ‘ನುಡಿಸಮ್ಮ’ ಎಂದು ಸನ್ನೆ ಮಾಡುತ್ತಿದ್ದ. ನಾತಕ್ಕಿಂತ ಆ ಸನ್ನೆಗೇ ಅವಳಿಗೆ ವಾಕರಿಕೆ ಬಂತು. ಕೊಳಲು ಇಳಿಸಿ ಮೈಕಿಗೆ ಬಾಯಿಟ್ಟಳು. “ಧಣಿ, ಮೊದಲು ಕರ್ಚೀಫ್ ತೆಗೀರಿ. ಆಮೇಲೆ ಊದ್ತೀನಿ.”

“ಏನು, ತಲೆಗಿಲೆ ಕೆಟ್ಟಿದೆಯಾ ಇವಳಿಗೆ?” ಧಣಿ ಕರ್ಚೀಫಿನೊಳಗಿಂದಲೇ ಗದರಿದ. ಅಷ್ಟರಲ್ಲಿ ಹಿಂದಿನ ಸಾಲಿನ ಅಜ್ಜಿಯೊಬ್ಬಳು ಎದ್ದು, ಸೋಫಾದ ಮೇಲಿಂದ ಕೈ ಚಾಚಿ, ಕರ್ಚೀಫನ್ನು ಸರಕ್ಕನೆ ಕಿತ್ತುಕೊಂಡಳು.

“ಉಸಿರು ಎಳ್ಕೊಳ್ಳಪ್ಪ,” ಎಂದಳು. “ನಿಂದೇ ಗಾಳಿ.”