ಅರವತ್ತು ಪೌಂಡು ಕಡಿಮೆ

ತಕ್ಕಡಿಯ ಹಲಗೆ ಹಿಡಿದಿದ್ದ ಇಬ್ಬರೂ ಕೈಬಿಟ್ಟರು. ಮುರುಗೆಪ್ಪ ಕೂತಿದ್ದ ಕಡೆ ಸರ್ರನೆ ಮೇಲೆ ಹೋಯಿತು. ಎದುರಿನ ಹಲಗೆಯ ಬೆಲ್ಲದ ಪೆಂಟೆಗಳು ಮಠದ ಅಂಗಳ ಬಿಟ್ಟು ಮಿಸುಕಲಿಲ್ಲ. ಹುಬ್ಬಳ್ಳಿಯ ಪೇಟೆಯಲ್ಲಿ ಮೂವತ್ತು ವರ್ಷ ಊರವರ ಅರಳೆ ತೂಗಿದ ಮನುಷ್ಯ, ಸನ್ ಮೂವತ್ತೇಳರ ಶ್ರಾವಣ ಸೋಮವಾರ, ತನ್ನದೇ ಅಂಗಡಿಯಿಂದ ತಂದು ಕಟ್ಟಿಸಿದ ತಕ್ಕಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಜೋಲಿ ಹೊಡೆಯುತ್ತ ಕೂತ.

“ಎಷ್ಟು ಕಡಿಮಿ ಬಿದ್ದೀರಿ ಸಾವಕಾರ್ರ?” ಮಠದ ಶಾಂತಯ್ಯನವರು ಗಾಬರಿಯಿಂದ ಕೇಳಿದರು.

“ಅರವತ್ತು ಪೌಂಡು!” ಮುರುಗೆಪ್ಪನ ದನಿಯಲ್ಲಿ ನಾಚಿಕೆಯಲ್ಲ, ಹೆಮ್ಮೆಯೇ ಇತ್ತು. “ಹೆಚ್ಚಿಗಿ ಬೆಲ್ಲ ಇಳಸ್ರಿ, ಸಮ ಆಗತೈತಿ.”

“ದೇವರ ಹೆಸರಿಲೆ ತಕ್ಕಡಿ ಏರಿದ್ದು ಹಿಂದ ಮನಿಗೆ ಹೋಗೂದಿಲ್ಲರಿ. ತಕ್ಕಡಿ ಸಮ ನಿಲ್ಲಲಿಲ್ಲಂದ್ರ ಇದು ತುಲಾಭಾರನ ಅಲ್ಲ, ಬರೇ ಬೆಲ್ಲ ಕೊಟ್ಟಂಗ.”

ಪಕ್ಕದಲ್ಲಿ ನಿಂತ ಹೆಂಡತಿ ಸಂಗವ್ವನ ಜೀವ ಬಾಯಿಗೆ ಬಂತು. ಹರಕೆ ಅವಳದು. ಎಂಟು ತಿಂಗಳ ಹಿಂದೆ ಗಂಡ ಅಂಗಡಿಯ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕುಸಿದಾಗ, ‘ಇವರು ಎದ್ದು ಕೂತರೆ ಇವತ್ತಿನ ಇವರ ತೂಕದಷ್ಟು ಬೆಲ್ಲ’ ಎಂದು ದೇವರಿಗೆ ಸೆರಗೊಡ್ಡಿದ್ದಳು. ಅವನು ಎದ್ದು ಕೂತ. ದವಾಖಾನೆಯ ತೂಕದ ಕಾಟಾ ಸಾಲದೆ ಡಾಕ್ಟರು ಅವನನ್ನು ಇದೇ ಅರಳೆ ತಕ್ಕಡಿಗೆ ಹತ್ತಿಸಿದರು. ಇನ್ನೂರ ಐವತ್ತು ಪೌಂಡು! “ಇದನ್ನ ಇಳಸಲಿಲ್ಲಂದ್ರ ಇನ್ನೊಮ್ಮೆ ಏಳೂದಿಲ್ಲರಿ. ಎಮ್ಮಿ ಕೊಟ್ಟದ್ದು ಬ್ಯಾಡ, ಗಾಣ ಕೊಟ್ಟದ್ದು ಬ್ಯಾಡ. ಹೊಲ ಕೊಟ್ಟದ್ದನ್ನ ಬೇಯಿಸಿಕೊಂಡು ಉಣ್ರಿ,” ಎಂದರು. ಇವತ್ತು ಸಂಗವ್ವ ತೂಗಿಸಿ ತಂದ ಬೆಲ್ಲ ಸರಿಯಾಗಿ ಆ ಇನ್ನೂರ ಐವತ್ತೇ. ಹರಕೆಯಲ್ಲಿ ಗುಲಗಂಜಿಯಷ್ಟು ಕೊರತೆಯಾದರೂ ಆ ಎದೆನೋವು ಮರಳಿ ಬರುತ್ತದೆ ಎಂಬುದು ಅವಳ ಭಯ.

ಮುರುಗೆಪ್ಪ ಮಹಾ ಹಟಮಾರಿ. ಅಂದಿನಿಂದ ಅವನ ಊಟವೆಂದರೆ ಒಣ ರೊಟ್ಟಿ, ಬೇಯಿಸಿದ ಹೆಸರುಕಾಳು, ಎಣ್ಣೆಯ ಹನಿ ಕಾಣದ ಪುಂಡಿಪಲ್ಯ, ಹಸಿ ಮೂಲಂಗಿ. ಹಾಲಿಲ್ಲ, ಮೊಸರಿಲ್ಲ, ಶೇಂಗಾ ಚಟ್ನಿಯೂ ಇಲ್ಲ. ಬೆಳಗಾದರೆ ಬೈರಿದೇವರಕೊಪ್ಪದವರೆಗೆ ನಡಿಗೆ. ಹೋಳಿಗೆಯ ದಿನ ಮಕ್ಕಳ ತಟ್ಟೆಯಲ್ಲಿ ಹರಿಯುವ ತುಪ್ಪ ನೋಡಿ ಕಣ್ಣಲ್ಲಿ ನೀರು ತಂದುಕೊಂಡನೇ ಹೊರತು ಬೆರಳು ಅದ್ದಲಿಲ್ಲ. ಸಂಗವ್ವನೂ ಕಡಿಮೆಯವಳಲ್ಲ. ಎರಡೂ ಹೊತ್ತು ತಟ್ಟೆಯ ಪಕ್ಕ ತುಪ್ಪದ ಬಟ್ಟಲು ಇಡುವಳು. ಅವನು ಎರಡೂ ಹೊತ್ತು ಅದನ್ನು ದೂಡುವನು. ಸಾವಕಾರನಿಗೆ ಹೆಂಡತಿ ಕೂಳು ಹಾಕುವುದಿಲ್ಲವೆಂದು ಪೇಟೆಯೆಲ್ಲ ಆಡಿಕೊಂಡಿತು.

“ಬಾಜೂಕ ನಾಕು ಕಲ್ಲು ಇಡೂಣೇನ್ರಿ?” ಶಾಂತಯ್ಯನವರು ದನಿ ತಗ್ಗಿಸಿ ಕೇಳಿದರು.

“ಅಯ್ಯಾರ, ಗಿರಾಕಿಗೇ ಕಲ್ಲು ತೂಗಿದಾವಲ್ಲ ನಾ. ದೇವರಿಗೆ ತೂಗಲ್ಯಾ?”

“ಹಂಗಾರ ಯುಗಾದಿಗೆ ಬರ್ರಿ. ಬೆಲ್ಲ ಇಲ್ಲೇ ಇರತೈತಿ. ಅಷ್ಟರಾಗ ಹಾಲು ತುಪ್ಪ ಉಂಡು ಮೊದಲಿನಂಗ ಆಗ್ರಿ. ಹರಕಿ ಮುಗದ ಮ್ಯಾಲ ಬೇಕಾರ ಮತ್ತ ಇಳಸ್ರಿ.”

ಸಂಗವ್ವ ಆಸೆಯಿಂದ ಗಂಡನ ಮುಖ ನೋಡಿದಳು. “ಹೂಂ ಅನ್ರಿ. ಏಳೆಂಟು ತಿಂಗಳ ಮಾತು.”

“ಹರಕಿ ತೀರಸಾಕ ಮತ್ತ ಅದೇ ಮೆಟ್ಟಲ ಮ್ಯಾಲ ಬೀಳಲ್ಯಾ?” ಮುರುಗೆಪ್ಪ ಮೇಲಿಂದಲೇ ಗುಡುಗಿದ. “ಒಂದೊಂದು ಪೌಂಡು ಹೆಂಗ ಇಳಿಸೇನಿ ಅನ್ನೂದು ನನಗ ಗೊತ್ತು. ಒಂದು ಚಮಚಾ ತುಪ್ಪ ಮುಟ್ಟೂದಿಲ್ಲ. ಯಾರು ಹೇಳಿದ್ರೂ ಮುಟ್ಟೂದಿಲ್ಲ!”

“ನನಗ ಅಂಜಿಕಿ ಆಗತೈತ್ರಿ,” ಎಂದಳು ಸಂಗವ್ವ. ಕಣ್ಣು ತುಂಬಿತ್ತು.

ಮುರುಗೆಪ್ಪನ ಸಿಟ್ಟು ಅಲ್ಲಿಗೇ ಇಳಿಯಿತು. “ನನಗೂ ಆಗತೈತಿ, ಸಂಗವ್ವಾ. ಅದಕ್ಕ ತಿನ್ನವಲ್ಲೆ.”

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಮುನಿಸಿಕೊಂಡು ಹೋದಳೆಂದೇ ಶಾಂತಯ್ಯನವರು ತಿಳಿದರು. ಮನೆ ಮಠದ ಹಿಂದಿನ ಓಣಿಯಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಒಂದು ಬಂಡಿ ಬಂತು, ಹಿಂದೆಯೇ ಸಂಗವ್ವ. ಅದರಲ್ಲಿ ಬಾಯಿಗೆ ಬಟ್ಟೆ ಕಟ್ಟಿದ ಐದು ದೊಡ್ಡ ಗಡಿಗೆಗಳು. ಒಂದರ ಬಟ್ಟೆ ಬಿಚ್ಚುತ್ತಲೇ ತುಪ್ಪದ ಘಮ ಅಂಗಳವೆಲ್ಲ ಹಬ್ಬಿತು. ಮುರುಗೆಪ್ಪ ಮರೆತು ಒಮ್ಮೆ ಉಸಿರು ಎಳೆದುಕೊಂಡ. ನೆನಪಾಗಿ ಮೂಗು ಹಿಡಿದುಕೊಂಡ.

“ಏನವಾ ಇದು?” ಎಂದರು ಶಾಂತಯ್ಯನವರು.

“ಎಂಟು ತಿಂಗಳ ಇವ್ರು ದೂಡಿದ ಬಟ್ಟಲ ತುಪ್ಪರಿ. ಹರಕಿ ಮುಗೀತಂದ್ರ ಎದಿ ಬ್ಯಾನಿನೂ ಹೋಕ್ಕೈತಿ, ಮರುದಿನದಿಂದ ಇವ್ರಿಗೆ ಉಣಸಿದ್ರಾತು ಅಂತ ಕೂಡಿಸಿಟ್ಟಿದ್ದೆ.” ಅವಳು ಗಡಿಗೆಯ ಮೇಲೆ ಕೈ ಇಟ್ಟಳು. “ಇವ್ರ ಮೈಗೆ ಹೋಗಬೇಕಾದ ತೂಕರಿ ಇದು. ಕಲ್ಲಲ್ಲ, ಮೋಸ ಅಲ್ಲ. ಏರಸ್ರಿ.”

ಗಡಿಗೆಗಳು ಒಂದೊಂದಾಗಿ ಮುರುಗೆಪ್ಪನ ಹಲಗೆ ಏರತೊಡಗಿದವು.

“ಗಡಿಗಿ ತೂಕ ತಗೀರಿ ಅಯ್ಯಾರ!” ವ್ಯಾಪಾರಿ ಅಲ್ಲಿಯೂ ಬಿಡಲಿಲ್ಲ. ಶಾಂತಯ್ಯನವರು ನಗುತ್ತ, ಅಡುಗೆಮನೆಯಿಂದ ಅಂಥವೇ ಐದು ಬರಿ ಗಡಿಗೆ ತರಿಸಿ ಬೆಲ್ಲದ ಕಡೆಗೆ ಇಡಿಸಿದರು. ಐದನೆಯ ತುಪ್ಪದ ಗಡಿಗೆ ಏರಿದಾಗ ಬೆಲ್ಲ ನೆಲ ಬಿಟ್ಟಿತು, ಮುರುಗೆಪ್ಪ ಕೆಳಗೆ ಬಂದ, ಎರಡೂ ಹಲಗೆ ಎದುರುಬದುರಾಗಿ ತೂಗಾಡಿ ನಿಂತವು. ಒಂದು ಬೆರಳಿನಷ್ಟು ಹೆಚ್ಚುಕಡಿಮೆ ಇದ್ದಿರಬಹುದು. ಆಗ ಶಾಂತಯ್ಯನವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು.

ಮುರುಗೆಪ್ಪ ತನ್ನ ಸುತ್ತ ಕೂತಿದ್ದ ಗಡಿಗೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ಇಷ್ಟೆಲ್ಲಾ ಹೊತಗೊಂಡು ಅಡ್ಡಾಡತಿದ್ನೇನ ನಾ?”

ಸಂಗವ್ವ ಕಣ್ಣೊರೆಸಿಕೊಂಡು ಅವನಿಗೆ ಕೈ ಚಾಚಿದಳು.

“ಬರ್ರಿ, ನೀವೊಬ್ರ ಇಳೀರಿ. ಗಡಿಗಿ ಇಲ್ಲೇ ಇರಲಿ.”