ನಿಲ್ಲಿಸದೆ ಐದು ನಿಮಿಷ

"ಐದು ನಿಮಿಷ ನಿಲ್ಲಿಸದೆ ಮಾತಾಡಿ," ಎಂದಳು ಧ್ವನಿ ಚಿಕಿತ್ಸಕಿ, ಎದುರು ಕುಳಿತ ಅಕ್ಕ-ತಂಗಿಯರಲ್ಲಿ ತಂಗಿಯ ಬಾಯಿಯ ಹತ್ತಿರಕ್ಕೆ ಮೈಕನ್ನು ಸರಿಸುತ್ತ. "ಏನಾದ್ರೂ ಸರಿ. ಈ ವರ್ಷ ಹೇಗಿತ್ತು ಅಂತಾನೇ ಹೇಳಿ. ವಿಷಯ ನನಗೆ ಮುಖ್ಯ ಅಲ್ಲ, ದನಿ ಮಾತ್ರ ಕೇಳ್ತೀನಿ."

"ಅವಳಿಗೆ ಈ ವರ್ಷ ಏನಿತ್ತು ಮೇಡಂ, ಪಾಪ," ಎಂದಳು ಪಕ್ಕದಲ್ಲಿ ಕುಳಿತಿದ್ದ ಅಕ್ಕ. "ಆಸ್ಪತ್ರೆ, ಮನೆ, ಅಷ್ಟೇ."

"ಅಮ್ಮಾ, ಪರೀಕ್ಷೆ ಇವರ ಗಂಟಲಿಗೆ. ನಿಮ್ಮದಕ್ಕಲ್ಲ," ಎಂದಳು ಚಿಕಿತ್ಸಕಿ.

ಅಕ್ಕ ಕೈಚೀಲವನ್ನು ತೊಡೆಯ ಮೇಲೆಳೆದುಕೊಂಡಳು.

ತಂಗಿ ಬಸ್ ನಿಲ್ದಾಣದ ಉದ್ಘೋಷಕಿ. ಯಾವ ಬಸ್ಸು ಎಲ್ಲಿಗೆ, ಯಾವ ಪ್ಲಾಟ್‌ಫಾರಂನಿಂದ ಎಂದು ವರ್ಷಗಟ್ಟಲೆ ಹೇಳಿದ ಗಂಟಲಲ್ಲಿ ಗಂಟು ಎದ್ದಿತ್ತು. ತೆಗೆದರು; ಮತ್ತೆ ಬೆಳೆಯಿತು; ಮತ್ತೆ ತೆಗೆದರು. ಎರಡೂ ಸಲ ಮಾತಿಗೆ ಪೂರಾ ರಜೆ, ಪಿಸುಮಾತೂ ಕೂಡದು. ಆಮೇಲೆ ಬಾಯಿ ಮುಚ್ಚಿಕೊಂಡು ಹೂಂಗುಡುವ ಅಭ್ಯಾಸ, ನಂತರ ಒಂದೊಂದೇ ಪದ. ಇವತ್ತು ದನಿ ಎಡವದೆ ನಿಂತರೆ ನಿಲ್ದಾಣದ ಮೈಕಿನ ಮುಂದಿನ ಕುರ್ಚಿ ಅವಳದೇ. ಎಡವಿದರೆ ಇನ್ನು ಮುಂದೆ ಯಂತ್ರವೇ ಬಸ್ಸುಗಳನ್ನು ಕರೆಯುತ್ತದೆಂದು ಮೇಲಧಿಕಾರಿ ಹೇಳಿಯಾಗಿತ್ತು. ಪರದೆಯ ಮೇಲೊಂದು ಹಸಿರು ಗೆರೆ ಕಾಯುತ್ತಿತ್ತು. ದನಿ ಒಡೆದರೆ ಅದೂ ಒಡೆಯುತ್ತದಂತೆ.

"ಜನವರಿಯಲ್ಲಿ..." ತಂಗಿಯ ದನಿ ಗರಗರ ಎಂದಿತು. ಗೆರೆ ನಡುಗಿತು. ಅಕ್ಕ ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಸುಕಿದಳು. "ಜನವರಿಯಲ್ಲಿ ನನ್ನನ್ನ ಕಳೆದುಹೋದ ಸಾಮಾನಿನ ಕೋಣೆಗೆ ಹಾಕಿದ್ರು. ಅಲ್ಲಿ ನಾನು ಮಾತಾಡಬೇಕಾಗಿಲ್ಲ. ನನ್ನ ಛತ್ರಿ ಹೀಗಿತ್ತು, ಹಾಗಿತ್ತು ಅಂತ ಬಂದವರೇ ಹೇಳ್ತಾರೆ. ಒಬ್ಬರು ಬಂದು ಒಂದು ಶೂ ಕಳ್ಕೊಂಡಿದೀನಿ ಅಂದ್ರು. ಇನ್ನೊಂದು ಅವರ ಕಾಲಲ್ಲೇ ಇತ್ತು. ನಗಲೂಬಾರದು ಅಂತ ನೀವು ಹೇಳಿದ್ರಲ್ಲ, ಹುಡುಕೋ ಹಾಗೆ ಮೇಜಿನ ಕೆಳಗೆ ಬಗ್ಗಿ ಕೂತ್ಬಿಟ್ಟೆ."

"ಇದನ್ನ ನನಗೆ ಹೇಳೇ ಇಲ್ವಲ್ಲೇ!" ಎಂದಳು ಅಕ್ಕ. ಚಿಕಿತ್ಸಕಿ ಅವಳತ್ತ ಕೈಯೆತ್ತಿದಳು, ಆದರೆ ಅವಳ ತುಟಿಯಂಚೂ ಸಡಿಲಾಗಿತ್ತು.

"ಸಂಜೆ ಪಾರ್ಕಿನಲ್ಲಿ ಚೆಸ್. ಮಾತಿಲ್ಲದ ಆಟ ಅಂತ ಹೋಗಿ ಕೂತೆ. ಗಡಿಯಾರ ರಿಪೇರಿಯ ತಾತ ಒಬ್ಬರು, ರಾತ್ರಿ ಪಾಳಿಯ ನರ್ಸ್ ಒಬ್ಬಳು, ಇಬ್ಬರೂ ಸ್ನೇಹ ಆದ್ರು. ನನಗೆ ಕುದುರೆ ಹೇಗೆ ನಡೆಸಬೇಕು ಅಂತಾನೂ ಗೊತ್ತಿರಲಿಲ್ಲ. ಏನೂ ತೋಚದೆ ಸುಮ್ನೆ ಕೂತಿದ್ರೆ, ಇವಳೇನೋ ಭಾರೀ ಸಂಚು ಮಾಡ್ತಿದಾಳೆ ಅಂತ ತಾತ ಬೆವರೋರು. ಈಗ ನಿಜವಾಗಿಯೂ ಒಂದೊಂದು ಸಲ ಗೆಲ್ತೀನಿ."

ಅದು ಹಳೆಯ ದನಿಯಲ್ಲ. ಒಂದು ಮೆಟ್ಟಿಲು ಕೆಳಗಿಳಿದಿತ್ತು, ಅಂಚಿನಲ್ಲಿ ತುಸು ಒರಟು ಉಳಿದಿತ್ತು. ಆದರೆ ನಿಂತಿತ್ತು. ಹಸಿರು ಗೆರೆ ಈಗ ನಡುಗದೆ ಓಡುತ್ತಿತ್ತು. ತಂಗಿ ಮಾತ್ರ ಅದನ್ನು ನೋಡುವ ಧೈರ್ಯವಿಲ್ಲದೆ ಕಿಟಕಿಯ ಕಡೆ ಮುಖ ಮಾಡಿದ್ದಳು.

"ಏಪ್ರಿಲ್‌ನಲ್ಲಿ ಅಕ್ಕ ಸಮುದ್ರ ನೋಡೋಕೆ ಕರ್ಕೊಂಡು ಹೋದಳು. ನಾನು ಫೋನಿನಲ್ಲಿ ಟೈಪ್ ಮಾಡಿ ಮುಗಿಸೋದರೊಳಗೆ ಇವಳು ನನ್ನ ಉತ್ತರ ಹೇಳಿ ಮುಗಿಸಿರ್ತಿದ್ದಳು. ಹೋಟೆಲಿನವನಿಗೆ, ನನ್ನ ತಂಗಿ ಮಾತಾಡಲ್ಲ ಅಂದಳು. ಅವನು ನನ್ನ ಕಿವಿ ಹತ್ರ ಬಂದು ಕಿರುಚಿದ. ದೋಣಿಯವನು ಬರ್ತೀರಾ ಅಂತ ನನ್ನನ್ನೇ ಕೇಳಿದ. ಅವಳಿಗೆ ನೀರಂದ್ರೆ ಭಯ, ಬೇಡ ಅಂದುಬಿಟ್ಟಳು ಇವಳು. ನನಗೇನೂ ಭಯ ಇರಲಿಲ್ಲ. ಹತ್ತಬೇಕು ಅಂತ ತುಂಬಾ ಆಸೆ ಇತ್ತು."

"ಮತ್ತೆ ಅವತ್ತೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತೇ ನಿನಗೆ..." ಎಂದು ಸಿಡುಕಿದ ಅಕ್ಕ, ತಾನು ಅಂದದ್ದು ತನಗೇ ಕೇಳಿಸಿ, ನಾಲಿಗೆ ಕಚ್ಚಿಕೊಂಡಳು.

"ಟೈಪ್ ಮಾಡಿದ್ದೆ ಕಣಕ್ಕಾ." ತಂಗಿ ಈಗ ಕಿಟಕಿ ಬಿಟ್ಟು ಅವಳ ಕಡೆ ತಿರುಗಿದಳು. "ಗಂಟು ಮತ್ತೆ ಎದ್ದಿದೆ ಅಂತ ಗೊತ್ತಾಗಿ ವಾರ ಆಗಿತ್ತಷ್ಟೆ. ನೀನು ನನ್ನ ತೋಳನ್ನ ಗಟ್ಟಿಯಾಗಿ ಹಿಡ್ಕೊಂಡು ಬಿಡ್ತಾನೇ ಇರಲಿಲ್ಲ. ಇನ್ನೊಂದು ಭಯ ಯಾಕೆ ಕೊಡ್ಲಿ ಅಂತ ಅಳಿಸಿಬಿಟ್ಟೆ."

ಅಕ್ಕ ಚೀಲದ ಹಿಡಿಯನ್ನು ಇನ್ನಷ್ಟು ಬಿಗಿಹಿಡಿದಳು.

ಚಿಕಿತ್ಸಕಿ ಪರದೆಯನ್ನು ಒಮ್ಮೆ, ಗಡಿಯಾರವನ್ನು ಒಮ್ಮೆ ನೋಡಿದಳು. "ಸಾಕು, ಐದು ನಿಮಿಷ ಆಯ್ತು. ದನಿ ಗಟ್ಟಿಯಾಗಿದೆ. ಕೆಲಸಕ್ಕೆ ಹೋಗಬಹುದು. ಮೊದಮೊದಲು ಅರ್ಧ ದಿನ ಮಾತ್ರ, ಆಯ್ತಾ?" ಎಂದು ಯಂತ್ರವನ್ನು ಆರಿಸಿದಳು.

ಅಕ್ಕ ಚೀಲದ ಹಿಡಿ ಬಿಟ್ಟಳು. ಅಂಗೈಗಳಲ್ಲಿ ಅದರ ಹೊಲಿಗೆ ಕೆಂಪಗೆ ಮೂಡಿತ್ತು.

ತಂಗಿ ಒಂದು ಕ್ಷಣ ಕಣ್ಣು ಮುಚ್ಚಿದಳು. ತೆರೆದವಳೇ, ಆರಿದ ಮೈಕಿನ ಮುಂದೆಯೇ ಮುಂದುವರಿಸಿದಳು. "ಮೇ ತಿಂಗಳಲ್ಲಿ ಆ ನರ್ಸ್ ನನಗೆ ಈಜು ಕಲಿಸ್ತೀನಿ ಅಂತ ಬಂದಳು. ಅವಳಿಗೇ ಈಜು ಬರ್ತಿರಲಿಲ್ಲ, ಅದು ಗೊತ್ತಾಗಿದ್ದು ಕೊಳಕ್ಕೆ ಇಳಿದ ಮೇಲೆ..."

"ಪರೀಕ್ಷೆ ಮುಗೀತು," ಎಂದು ಚಿಕಿತ್ಸಕಿ ನಕ್ಕಳು. "ಹೊರಗೆ ಬೇರೆಯವರು ಕಾಯ್ತಿದಾರೆ."

ಬಾಗಿಲು ಅರ್ಧ ತೆರೆಯಿತು. ಯಾರೋ ಇಣುಕಿದರು. ಅಕ್ಕ ಎದ್ದು ಹೋಗಿ, ಅವರಿಗೆ ಕೈಸನ್ನೆಯಲ್ಲೇ ತಾಳಿ ಎಂದು, ಬಾಗಿಲನ್ನು ಮೆಲ್ಲಗೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

"ಅವಳಿನ್ನೂ ಮೇ ತಿಂಗಳಲ್ಲೇ ಇದಾಳೆ ಮೇಡಂ," ಎಂದಳು. "ಡಿಸೆಂಬರ್‌ವರೆಗೂ ಬರಲಿ, ಬಿಡಿ."